ಇಪ್ಪತ್ತೆರಡು ಗಿಣಿಗಳು

ಕಾರವಾರದಿಂದ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅದರಲ್ಲಿ ಸ್ವಲ್ಪ ಇಲ್ಲಿದೆ:

"ಹದಿನಾಲ್ಕು ವರ್ಷದಿಂದ ಮನೆಯಲ್ಲೇ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದೇನೆ. ಈಗ 26 ಮಕ್ಕಳಿದ್ದಾರೆ. ತಿಂಗಳಿಗೆ 500 ರೂಪಾಯಿ ಫೀ. ನಾನು ಕಲಾಶಾಲೆ ಸೇರಿದ್ದು ಚಿತ್ರ ಬರೆಯಬೇಕು ಅಂತ, ಕಲಿಸಬೇಕು ಅಂತ ಅಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಆಗ ಹೋಗಿ ನಾಲ್ಕು ಸ್ಕೆಚ್ ಮಾಡಿಕೊಂಡು ಬಂದೆ. ಪೇಂಟಿಂಗ್ ಇವತ್ತಿಗೂ ಆಗಿಲ್ಲ. ಮೊನ್ನೆ ಗುರುವಾರ ಕ್ಲಾಸ್ ಮುಗಿದ ಮೇಲೆ ಎಣಿಸಿದೆ. ಮಕ್ಕಳ ಪುಸ್ತಕದಲ್ಲಿ ನಾನೇ ಇಪ್ಪತ್ತೆರಡು ಗಿಣಿ ಬರೆದುಕೊಟ್ಟಿದ್ದೆ. ಈಗೀಗ ನನ್ನ ಸ್ವಂತ ಚಿತ್ರಕ್ಕೆ ಕೂತರೂ ಗೆರೆ ಹಾಗೇ ನೀಟಾಗಿ ಬಂದುಬಿಡುತ್ತದೆ. ಕ್ಲಾಸ್ ಬಿಟ್ಟುಬಿಡಲಾ? ಮಕ್ಕಳೆಂದರೆ ನನಗಿಷ್ಟ. ದುಡ್ಡೂ ಬೇಕು."

ಪತ್ರದ ಕೆಳಗೆ "ಡ್ರಾಯಿಂಗ್ ಅಕ್ಕೋರು" ಎಂದಷ್ಟೇ ಸಹಿ.

ಅಕ್ಕೋರೇ, ನಮಸ್ಕಾರ.

ನಿಮ್ಮ ಪತ್ರ ಶಿರಸಿಗೆ ಬಂದು ಮೂರು ವಾರ ಆಯಿತು. ಉತ್ತರ ತಡವಾದದ್ದು ಸ್ವಲ್ಪ ನಾಚಿಕೆಯಿಂದ. ನಾನು ದಿನವಿಡೀ ಬೇರೆಯವರ ಕತೆ ತಿದ್ದುವವನು. ನನ್ನದೇ ಒಂದು ಕತೆ ನಾಲ್ಕು ವರ್ಷದಿಂದ ಮೇಜಿನ ಖಾನೆಯಲ್ಲಿದೆ. ಎರಡು ಸಾಲು ಬರೆಯುವಷ್ಟರಲ್ಲಿ ಅದಕ್ಕೂ ಕೆಂಪು ಪೆನ್ನು ಹಿಡಿಯುತ್ತೇನೆ. ಹಾಗಾಗಿ ನಿಮ್ಮ ಗಿಣಿಗಳು ನನಗೆ ಚೆನ್ನಾಗಿಯೇ ಅರ್ಥವಾದವು. ಉಪದೇಶ ಮಾಡುವ ಯೋಗ್ಯತೆ ಎಷ್ಟಿದೆಯೋ ಗೊತ್ತಿಲ್ಲ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಕ್ಲಾಸ್ ಬಿಡಬೇಡಿ. ಗಿಣಿ ಬಿಡಿಸುವುದನ್ನು ಬಿಡಿ.

ಮಗು ಹಾಳೆ ತರುತ್ತದೆ. "ಅಕ್ಕೋರೇ, ಕೊಕ್ಕು ಬರ್ತಾ ಇಲ್ಲ." ನೀವು ಪೆನ್ಸಿಲ್ ಇಸಿದುಕೊಂಡು ಎರಡು ಗೆರೆ ಎಳೆಯುತ್ತೀರಿ. ಹತ್ತು ಸೆಕೆಂಡಿನ ಕೆಲಸ. ಮಗುವಿಗೆ ಖುಷಿ, ಕರೆದೊಯ್ಯಲು ಬಂದ ಅಮ್ಮನಿಗೆ ಇನ್ನೂ ಖುಷಿ. ಆದರೆ ಆ ಹತ್ತು ಸೆಕೆಂಡಿನಲ್ಲಿ ನೀವು ಗಿಣಿಯನ್ನು ನೋಡಿರುವುದಿಲ್ಲ. ಅದು ನಿಮ್ಮ ಕೈಗೆ ಬಾಯಿಪಾಠ. ಒಂದು ಸಂಜೆಗೆ ಇಪ್ಪತ್ತೆರಡು ಸಲ ನೋಡದೆ ಬರೆದ ಕೈ, ರಾತ್ರಿ ಒಂಬತ್ತಕ್ಕೆ ಸೇತುವೆಯ ಸ್ಕೆಚ್ ಮುಂದೆ ಕೂತಾಗ ಮಾತ್ರ ಹೊಸದಾಗಿ ನೋಡಬೇಕು ಅಂದರೆ ಹೇಗೆ ನೋಡೀತು? ಹೊತ್ತು ಸಾಲುತ್ತಿಲ್ಲ ಎಂದು ಬರೆದಿದ್ದೀರಿ. ನನಗೇನೋ ಹೊತ್ತಿಗಿಂತ ಇದೇ ಜಾಸ್ತಿ ತಿನ್ನುತ್ತಿದೆ ಅನ್ನಿಸುತ್ತದೆ.

ಒಂದು ತಿಂಗಳು ಹೀಗೆ ಮಾಡಿ ನೋಡಿ. ಮೀನು ಪೇಟೆಯಿಂದ ನಾಲ್ಕು ಬಂಗಡೆ ತನ್ನಿ. ತಟ್ಟೆಯಲ್ಲಿಟ್ಟು ಮಕ್ಕಳ ನಡುವೆ ಇಡಿ. ಬೆನ್ನ ಮೇಲಿನ ಗೆರೆ ಒಂದು ಮೀನಿನಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಹೊಳಪೂ ಕಣ್ಣೆದುರಿಗೇ ಇಳಿಯುತ್ತ ಹೋಗುತ್ತದೆ. ಮಕ್ಕಳು ಬರೆಯಲಿ. ನೀವೂ ಒಂದು ಮೂಲೆಯಲ್ಲಿ ಕೂತು ಬರೆಯಿರಿ, ನಿಮ್ಮ ಪುಸ್ತಕದಲ್ಲಿ. ಯಾರಾದರೂ "ಬಾಲ ಬರ್ತಾ ಇಲ್ಲ" ಅಂದರೆ ಪೆನ್ಸಿಲ್ ಮುಟ್ಟಬೇಡಿ. "ಬಾಲ ಎಲ್ಲಿ ಸಣ್ಣ ಆಗ್ತದೆ, ತೋರಿಸು" ಅನ್ನಿ. ಮಗು ಮೀನಿಗೆ ಬೆರಳಿಡುತ್ತದೆ. ಅಷ್ಟಾದರೆ ಆ ಸಂಜೆಯ ಪಾಠ ಆಯಿತು. ಮುಗಿದ ಮೇಲೆ ಬಂಗಡೆ ಸಾರಿಗೆ ಆಯಿತು. (ಮೀನು ತಿನ್ನದ ಮನೆಯ ಮಕ್ಕಳಿದ್ದರೆ ಸುಮ್ನೆ ಜಗಳ ಬೇಡ, ಬಾಳೆಹೂವು ಇಡಿ. ಅದನ್ನು ಬರೆಯುವುದು ಇನ್ನೂ ಕಷ್ಟ.)

ಇದೇನು ನನ್ನ ಹೊಸ ಶೋಧನೆ ಅಲ್ಲ. ನಮ್ಮ ಸಿದ್ದಾಪುರ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಹಾಗೇ ದಾಟಿ ಬಂದದ್ದು. ಅಜ್ಜಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮುಂದೆ ಕೂತು ಪುಂಡಿ ನಾರಿನ ಕುಂಚದಲ್ಲಿ ಅಕ್ಕಿ ಹಿಟ್ಟಿನ ಗೆರೆ ಎಳೆಯುವಳು. ಮೊಮ್ಮಗಳು ಪಕ್ಕದಲ್ಲಿ ಕೂತು ನೋಡುವಳು. ಅಜ್ಜಿ ಬರೆಯುತ್ತಿದ್ದದ್ದು ಮದುವೆಯ ಹಸೆ, ಮಗುವಿಗೆಂದು ಬರೆದ ಮಾದರಿ ಅಲ್ಲ. ನಿಮ್ಮ ಮಕ್ಕಳು ಹದಿನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ನೀವು ನಿಮ್ಮ ಚಿತ್ರ ಬರೆಯುವುದನ್ನು ನೋಡಿದ್ದಾರಾ? ಪತ್ರದಲ್ಲಿ ಅದರ ಸುದ್ದಿ ಇಲ್ಲ.

ಏಳೆಂಟು ವರ್ಷದೊಳಗಿನವರಿಗೆ ನಿಮ್ಮಿಂದ ಜಾಸ್ತಿ ಏನೂ ಬೇಡ. ದೊಡ್ಡ ಹಾಳೆ, ಬಣ್ಣ, ಇದ್ದಿಲು, ಸ್ವಲ್ಪ ಜೇಡಿ. ಅವರು ಮನೆಗಿಂತ ದೊಡ್ಡ ಕೋಳಿ ಬರೆಯುತ್ತಾರೆ, ಬರೆಯಲಿ. ಒಂಬತ್ತು, ಹತ್ತು ವರ್ಷಕ್ಕೆ ಬಂದಾಗ ಮಕ್ಕಳಿಗೇ ಅನ್ನಿಸತೊಡಗುತ್ತದೆ, "ನಂದು ನಿಜದ ಹಾಗೆ ಕಾಣ್ತಾ ಇಲ್ಲ" ಅಂತ. ಎಷ್ಟೋ ಮಕ್ಕಳು ಪೆನ್ಸಿಲ್ ಕೆಳಗಿಡುವುದು ಅಲ್ಲೇ. ನೀವು ಬೇಕಾಗಿರುವುದು ಆ ಮಕ್ಕಳಿಗೆ. ದೂರದ ದೋಣಿ ಯಾಕೆ ಸಣ್ಣ, ನೆರಳು ಎತ್ತ ಬೀಳುತ್ತದೆ, ಇವೆಲ್ಲ ಆ ವಯಸ್ಸಿಗೆ. ಎರಡೂ ಗುಂಪನ್ನು ಒಂದೇ ಸಂಜೆ ಕೂರಿಸಬೇಡಿ, ಸುಸ್ತಾಗುತ್ತೀರಿ. ವಾರಕ್ಕೆ ಎರಡು ದಿನ ಇವರು, ಎರಡು ದಿನ ಅವರು. ಉಳಿದ ಸಂಜೆ ಬಾಗಿಲು ಹಾಕಿ.

ಪ್ರತಿಭಾ ಕಾರಂಜಿಗೆ ತಯಾರು ಮಾಡಿ, ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರಿಸಿ ಎಂದು ಅಪ್ಪ ಅಮ್ಮ ಪೀಡಿಸುತ್ತಾರೆ ಎಂದಿದ್ದೀರಿ. ಪರೀಕ್ಷೆಗೆ ಬೇಕಾದ್ದನ್ನು ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಹೇಳಿಕೊಡಿ. ವರ್ಷವಿಡೀ ಬೇಡ. ಬಹುಮಾನಕ್ಕಾಗಿ ನೀವೇ ತಿದ್ದಿದ ಚಿತ್ರ ಕಳಿಸುವುದಂತೂ ಬೇಡವೇ ಬೇಡ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಹಾಗೆ ಒಂದು ಸ್ಟೀಲ್ ಲೋಟ ಗೆದ್ದೆ. ಚಿತ್ರದಲ್ಲಿ ನನ್ನದು ಅಂತ ಇದ್ದದ್ದು ಕೆಳಗಿನ ಹೆಸರು ಮಾತ್ರ. ಆ ಲೋಟದಲ್ಲಿ ನೀರು ಕುಡಿಯಲು ಇವತ್ತಿಗೂ ಮನಸ್ಸಾಗುವುದಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಒಂದನ್ನು ಬಿಟ್ಟವರು ಇದ್ದಾರೆ. ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕೆಲ ವರ್ಷ ಪಾಠ ಹೇಳಿ, ಆಮೇಲೆ ಚಿತ್ರಕ್ಕೇ ನಿಂತರು. ಚಿತ್ರಕಾರ ಕೆ.ಜಿ. ಸುಬ್ರಮಣ್ಯನ್ ಕಲಿಸುವುದನ್ನು ಬಿಡಲಿಲ್ಲ. ಬರೋಡದ ಕಲಾಶಾಲೆಯಲ್ಲಿ ಕಲಾಮೇಳ ಬಂದಾಗ ವಿದ್ಯಾರ್ಥಿಗಳ ಜೊತೆಗೇ ಕೂತು ಆಟಿಕೆ ಮಾಡಿದರು. ಆ ಆಟಿಕೆಗಳೂ ಅವರ ಕಲೆಯೇ ಆದವು. ಅಷ್ಟು ದೂರ ಯಾಕೆ, ನಮ್ಮ ಕೆರೆಮನೆ ಶಂಭು ಹೆಗಡೆಯವರನ್ನೇ ನೋಡಿ. 1986ರಲ್ಲಿ ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರ ತೆರೆದರು. ಹಾಗಂತ ಗೆಜ್ಜೆ ಬಿಚ್ಚಿಡಲಿಲ್ಲ. 2009ರಲ್ಲಿ ತೀರಿಕೊಳ್ಳುವ ತನಕ ವೇಷ ಕಟ್ಟಿದರು. ಕಲಿಯಲು ಬಂದ ಹುಡುಗರಿಗೆ ರಾತ್ರಿ ಮೇಷ್ಟ್ರ ಆಟವನ್ನೇ ನೋಡುವ ಅವಕಾಶ ಇತ್ತಲ್ವಾ.

ನೀವು ಸಂಜೆ ತಿರುಗಾಡುವ ಕಡಲತೀರಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ಠಾಗೋರರು ಶಾಲೆ ಶುರು ಮಾಡಿದ್ದು 1901ರಲ್ಲಿ, ಕುಂಚವನ್ನು ಗಟ್ಟಿಯಾಗಿ ಹಿಡಿದದ್ದು ಅರವತ್ತು ದಾಟಿದ ಮೇಲೆ. "ನೋಡಿ, ಇನ್ನೂ ಟೈಮಿದೆ" ಎಂದು ನಿಮಗೆ ಯಾರಾದರೂ ಈ ಕತೆ ಹೇಳಿಯಾರು. ನಂಬಬೇಡಿ. ಅವರಿಗೆ ಏಳೂವರೆಗೆ ಕುಕ್ಕರ್ ಇಡುವ ಕೆಲಸ ಇರಲಿಲ್ಲ.

ಈಗ ದುಡ್ಡಿನ ಮಾತು. ಜೂನ್, ಜುಲೈ ಎರಡು ತಿಂಗಳು ಕ್ಲಾಸ್ ಮುಚ್ಚಿ. ಹೇಗೂ ಆಗ ಅರ್ಧಕ್ಕರ್ಧ ದಿನ ಡಿಸಿ ಸಾಹೇಬರು ಮಳೆಗೆ ರಜೆ ಕೊಡುತ್ತಾರೆ, ಮಕ್ಕಳು ನೆನೆದುಕೊಂಡು ಬರುವುದೂ ಕಷ್ಟ. ಯಾಂತ್ರಿಕ ದೋಣಿಗಳೂ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ದಡದಲ್ಲೇ ಇರುತ್ತವೆ. ಉಳಿದ ಹತ್ತು ತಿಂಗಳಿಗೆ ಫೀ 600 ಮಾಡಿ. 500ರಂತೆ ಹನ್ನೆರಡು ತಿಂಗಳಾದರೂ ಒಂದು ಮಗುವಿಗೆ 6,000, 600ರಂತೆ ಹತ್ತು ತಿಂಗಳಾದರೂ ಅಷ್ಟೇ. ನಾಲ್ಕು ಮಂದಿ ಬಿಟ್ಟು ಹೋಗಬಹುದು. ಹೋದರೆ ಒಂದಿಷ್ಟು ಕಡಿಮೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ಜಲವರ್ಣ ಒಣಗುವುದಿಲ್ಲ, ಹಾಳೆಗೆ ಬೂಷ್ಟು ಬರುತ್ತದೆ ಎಂದು ನೀವು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ಹಪ್ಪಳದ ಡಬ್ಬಿ ಎಲ್ಲಿಡುತ್ತೀರೋ ಅಲ್ಲೇ ಹಾಳೆಯ ಕಟ್ಟನ್ನೂ ಇಡಿ. ಚಿತ್ರಕ್ಕೆ ಇದ್ದಿಲು, ಇಂಕು ಸಾಕು. ಕುಸಿದ ಸೇತುವೆಗೆ ಬಣ್ಣ ಯಾಕೆ ಬೇಕು?

ಪತ್ರದ ಜೊತೆ ನಾಲ್ಕೂ ಸ್ಕೆಚ್‌ಗಳ ಫೋಟೊ ಇಟ್ಟಿದ್ದೀರಿ. ಮೂರನೆಯದು, ನೀರಿನಿಂದ ಓರೆಯಾಗಿ ಮೇಲೆದ್ದ ತುಂಡು ಇರುವುದು, ಅವಸರದಲ್ಲಿ ಮಾಡಿದ್ದು ಅಂತ ಗೊತ್ತಾಗುತ್ತದೆ. ಅದರಲ್ಲಿ ಒಂದು ಗೆರೆಯೂ ನೀಟಾಗಿಲ್ಲ. ನಮಗೆ ಬೇಕಾದದ್ದು ಅದೇ. ಅದನ್ನು ದೊಡ್ಡದಾಗಿ ಮಾಡಿಕೊಟ್ಟರೆ ಆಗಸ್ಟ್ ಸಂಚಿಕೆಯ ಮುಖಪುಟಕ್ಕೆ ಹಾಕುತ್ತೇವೆ. ಗೌರವಧನ 1,500 ರೂಪಾಯಿ, ಅದಕ್ಕಿಂತ ಜಾಸ್ತಿ ನಮ್ಮ ಕೈಲಾಗದು. ಜುಲೈ 10ರೊಳಗೆ ಬೇಕು. ಬಸ್ಸಿನಲ್ಲಿ ಕಳಿಸುವುದಾದರೆ ಸುರುಳಿ ಸುತ್ತಿ ಪೈಪಿನಲ್ಲಿ ಹಾಕಿ, ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ದೇವಿಮನೆ ಘಾಟಿಯ ಮಳೆ ನಿಮಗೆ ಗೊತ್ತೇ ಇದೆ.

— ಸಂಪಾದಕ