ಐದು ಸ್ಪ್ರಿಂಗ್ ಮುರಿಯಲಿಲ್ಲ ಎಂದರೆ ಸಾಕೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್‌ಗಳಿಗೆ ಕಂಪ್ರೆಷನ್ ಸ್ಪ್ರಿಂಗ್ ತಯಾರಿಸುವ ಸಣ್ಣ ಘಟಕ ನಮ್ಮದು. ಪ್ರತಿ ಹೊಸ ವಿನ್ಯಾಸದ ಐದು ಸ್ಪ್ರಿಂಗ್‌ಗಳನ್ನು 10 ಲಕ್ಷ ಸೈಕಲ್ (ಒಮ್ಮೆ ಒತ್ತಿ ಬಿಟ್ಟರೆ ಒಂದು ಸೈಕಲ್) ಓಡಿಸಿ, ಒಂದೂ ಮುರಿಯದಿದ್ದರೆ ಪಾಸ್ ಎಂದು ವರದಿ ಕೊಡುತ್ತಿದ್ದೆವು. ಈಗ ಗ್ರಾಹಕರೊಬ್ಬರು ಅದೇ 10 ಲಕ್ಷ ಸೈಕಲ್‌ಗೆ ‘ಶೇ 90 ರಿಲಯಬಿಲಿಟಿ, ಶೇ 90 ಕಾನ್ಫಿಡೆನ್ಸ್’ ತೋರಿಸುವ ಪರೀಕ್ಷಾ ವಿಧಾನವನ್ನು ಬರೆದುಕೊಡಿ ಎನ್ನುತ್ತಿದ್ದಾರೆ. ಎಷ್ಟು ಸ್ಪ್ರಿಂಗ್ ಬೇಕು? ಬೇಗ ಮುಗಿಸಲು ಹೆಚ್ಚು ಲೋಡ್ ಹಾಕಬಹುದೇ?
— ಹೆಸರು ಬೇಡ, ಬೆಳಗಾವಿ

ಉತ್ತರ: ನಿಮ್ಮ ಗ್ರಾಹಕರು ಕೇಳುತ್ತಿರುವುದು ಎರಡು ಬೇರೆ ಬೇರೆ ಸಂಗತಿಗಳನ್ನು. ನೂರು ಸ್ಪ್ರಿಂಗ್‌ಗಳಲ್ಲಿ ಕನಿಷ್ಠ ತೊಂಬತ್ತಾದರೂ 10 ಲಕ್ಷ ಸೈಕಲ್ ಬಾಳಬೇಕು ಎಂಬುದು ಮೊದಲನೆಯದು; ಅಷ್ಟು ಬಾಳದ ವಿನ್ಯಾಸವೊಂದು ಕೇವಲ ಅದೃಷ್ಟದಿಂದ ನಿಮ್ಮ ಪರೀಕ್ಷೆಯಲ್ಲಿ ಪಾಸಾಗುವ ಸಾಧ್ಯತೆ ಶೇ 10ನ್ನು ಮೀರಬಾರದು ಎಂಬುದು ಎರಡನೆಯದು. ಒಂದೂ ಸೋಲದೆ ಇದನ್ನು ತೋರಿಸಲು 22 ಸ್ಪ್ರಿಂಗ್ ಬೇಕು, ಏಕೆಂದರೆ 22 ಬಾರಿ 0.9ನ್ನು ಒಂದಕ್ಕೊಂದು ಗುಣಿಸಿದಾಗಲೇ ಉತ್ತರ 0.1ಕ್ಕಿಂತ ಕೆಳಗಿಳಿಯುತ್ತದೆ. ಇದೇ ಲೆಕ್ಕದಲ್ಲಿ ನಿಮ್ಮ ಐದು ಸ್ಪ್ರಿಂಗ್‌ಗಳು, ಎಲ್ಲವೂ ಪಾಸಾದಾಗಲೂ, ಶೇ 90 ಕಾನ್ಫಿಡೆನ್ಸ್‌ನಲ್ಲಿ ಸುಮಾರು ಶೇ 63 ರಿಲಯಬಿಲಿಟಿಯನ್ನಷ್ಟೇ ತೋರಿಸುತ್ತವೆ.

ಆದರೆ ಲೆಕ್ಕಕ್ಕೆ ಕೈ ಹಾಕುವ ಮೊದಲು ‘ಸೋಲು’ ಎಂದರೆ ಯಾವುದು ಎಂಬುದನ್ನು ಗ್ರಾಹಕರೊಂದಿಗೆ ಕೂತು ತೀರ್ಮಾನಿಸಿಕೊಳ್ಳಿ. ಬಿಸಿ ಎಣ್ಣೆಯಲ್ಲಿ ಸದಾ ಒತ್ತಿಕೊಂಡೇ ಇರುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಮುರಿಯದೆಯೂ ಸೋಲಬಲ್ಲದು: ಅದು ಸೆಟ್ ಆಗಿ, ಅಂದರೆ ಶಾಶ್ವತವಾಗಿ ಕುಗ್ಗಿ, ಬಲ ಕಳೆದುಕೊಂಡರೆ ವಾಲ್ವ್ ನಿಗದಿತ ಒತ್ತಡಕ್ಕಿಂತ ಮೊದಲೇ ತೆರೆದುಕೊಳ್ಳುತ್ತದೆ. ಕೆಲಸದ ಎತ್ತರದಲ್ಲಿ ಸ್ಪ್ರಿಂಗ್‌ನ ಬಲ ಎಷ್ಟು ಶೇಕಡಾ ಇಳಿದರೆ ಸೋಲು ಎಂಬುದನ್ನು ವಿಧಾನದಲ್ಲಿ ಬರೆದು, ಓಡಿಸುವ ಮೊದಲೂ ನಂತರವೂ ಅದನ್ನು ಅಳೆಯಬೇಕು. ಎಣ್ಣೆಯ ಉಷ್ಣತೆಯೂ ವಾಲ್ವ್‌ನೊಳಗಿನಷ್ಟೇ ಇರಬೇಕು. ಮುರಿದದ್ದನ್ನು ಮಾತ್ರ ಎಣಿಸುವ ಪರೀಕ್ಷೆ ಈ ದೋಷವನ್ನು ಕಾಣುವುದೇ ಇಲ್ಲ.

ಇಪ್ಪತ್ತೆರಡು ಹೆಚ್ಚಾಯಿತು ಎನಿಸಿದರೆ ಕಡಿಮೆ ಸ್ಪ್ರಿಂಗ್‌ಗಳನ್ನು ಹೆಚ್ಚು ಕಾಲ ಓಡಿಸುವ ದಾರಿಯಿದೆ. ಸ್ವೀಡನ್ನಿನ ವಾಲೊಡ್ಡಿ ವೈಬುಲ್ 1951ರಲ್ಲಿ ವಿವರಿಸಿದ ಸಂಖ್ಯಾಶಾಸ್ತ್ರದ ವಿತರಣೆಯಲ್ಲಿ (ಎಷ್ಟು ಸೈಕಲ್‌ಗೆ ಎಷ್ಟು ಪಾಲು ಸೋಲುತ್ತದೆ ಎಂಬ ಲೆಕ್ಕ) ಬೀಟಾ ಎಂಬ ಮೌಲ್ಯವಿದ್ದು, ಸೈಕಲ್ ಹೆಚ್ಚಿದಂತೆ ಸೋಲಿನ ದರ ಎಷ್ಟು ಚುರುಕಾಗಿ ಏರುತ್ತದೆ ಎಂಬುದನ್ನು ಅದು ಹೇಳುತ್ತದೆ. ಬೀಟಾ 2 ಆಗಿದ್ದರೆ, 20 ಲಕ್ಷ ಸೈಕಲ್ ಓಡಿದ ಆರು ಸ್ಪ್ರಿಂಗ್‌ಗಳು 22ರ ಕೆಲಸವನ್ನೇ ಮಾಡುತ್ತವೆ. ಬೀಟಾ 1 ಆಗಿದ್ದರೆ ಆರು ಸಾಲದು, 11 ಬೇಕು. ಈ ಮೌಲ್ಯ ನಿಮ್ಮ ಸ್ಪ್ರಿಂಗ್‌ಗಳು ನಿಜವಾಗಿ ಮುರಿದ ಸೈಕಲ್ ಸಂಖ್ಯೆಗಳಿಂದಲೇ ಬರಬೇಕು. ಬೇರೆಯವರ ಕೋಷ್ಟಕದಿಂದ ಎತ್ತಿಕೊಂಡರೆ ಲೆಕ್ಕಕ್ಕೆ ಬುಡವೇ ಇರುವುದಿಲ್ಲ. ನನ್ನನ್ನು ಕೇಳಿದರೆ, ವಿನ್ಯಾಸದ ಹಂತದಲ್ಲಿ ಪಾಸಾದ 22 ಸ್ಪ್ರಿಂಗ್‌ಗಳ ವರದಿಗಿಂತ ಮುರಿಯುವ ತನಕ ಓಡಿಸಿದ ಎಂಟೋ ಹತ್ತೋ ಸ್ಪ್ರಿಂಗ್‌ಗಳ ತುಂಡುಗಳೇ ಹೆಚ್ಚು ಬೆಲೆಯುಳ್ಳವು. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಬಿರುಕು ಸುರುಳಿಯ ಒಳಮೈಯಿಂದ ಹೊರಟಿದ್ದರೆ ಅದು ಸಹಜ, ಒತ್ತಡ ಅಲ್ಲೇ ಹೆಚ್ಚು. ತಂತಿ ಎಳೆಯುವಾಗ ಬಿದ್ದ ಗೀರಿನಿಂದಲೋ ಗ್ರೈಂಡ್ ಮಾಡಿದ ತುದಿಯಿಂದಲೋ ಹೊರಟಿದ್ದರೆ ನಿಮ್ಮ ಪ್ರಕ್ರಿಯೆಯಲ್ಲೇ ಏನೋ ಎಡವಟ್ಟಾಗಿದೆ.

ಬೇಗ ಮುಗಿಸಲು ವೇಗ ಹೆಚ್ಚಿಸಬಹುದು, ಏಕೆಂದರೆ ಸಾಮಾನ್ಯ ಉಷ್ಣತೆಯಲ್ಲಿ ಉಕ್ಕಿನ ದಣಿವು (ಮತ್ತೆ ಮತ್ತೆ ಬೀಳುವ ಲೋಡ್‌ನಿಂದ ಬಿರುಕು ಬಿಡುವುದು) ವೇಗವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಸ್ಪ್ರಿಂಗ್‌ನ ಸ್ವಾಭಾವಿಕ ಕಂಪನದ ವೇಗದ ಹತ್ತಿರ ಹೋಗಬಾರದು, ಅಷ್ಟೆ. ಲೋಡ್ ಹೆಚ್ಚಿಸುವುದು ಬೇರೆ ಮಾತು. ಮಿತಿ ಮೀರಿದ ಲೋಡ್ ಆಯುಷ್ಯವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿ ತೋರಿಸುವುದೂ ಉಂಟು. ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನದ ಕ್ಯಾಬಿನ್ ಭಾಗವೊಂದು ಪರೀಕ್ಷೆಯಲ್ಲಿ 16 ಸಾವಿರ ಬಾರಿ ಒತ್ತಡ ತಡೆದುಕೊಂಡಿತ್ತು. ಆದರೆ 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದ ಕಾಮೆಟ್ ಹಾರಿದ್ದು ಸುಮಾರು 1,300 ಬಾರಿ ಮಾತ್ರ. ಪರೀಕ್ಷೆಗಿಟ್ಟ ಅದೇ ಭಾಗಕ್ಕೆ ಮೊದಲೇ ಕೆಲಸದ ಒತ್ತಡದ ಎರಡರಷ್ಟನ್ನು ಕೊಟ್ಟು ನೋಡಲಾಗಿತ್ತು. ಆಗ ಕಿಟಕಿಯಂಥ ತೆರಪುಗಳ ಮೂಲೆಯ ಲೋಹ ಸ್ವಲ್ಪ ಬಾಗಿ, ಅಲ್ಲಿ ಉಳಿದ ಸಂಕೋಚನವೇ ಬಿರುಕನ್ನು ತಡೆದಿತ್ತು. ಮಾರಾಟವಾದ ವಿಮಾನಗಳಿಗೆ ಆ ರಕ್ಷಣೆ ಇರಲಿಲ್ಲ. ನೀವು ಸ್ಕ್ರ್ಯಾಗಿಂಗ್ (ಸ್ಪ್ರಿಂಗನ್ನು ಬಳಕೆಗೆ ಮೊದಲೇ ಪೂರ್ತಿ ಒತ್ತಿ ಬಿಡುವುದು) ಮಾಡುವಾಗ ಸ್ಪ್ರಿಂಗ್‌ನಲ್ಲಿ ನಡೆಯುವುದೂ ಇದೇ. ಆದ್ದರಿಂದ ಪರೀಕ್ಷೆಯ ಸ್ಪ್ರಿಂಗ್‌ಗಳಿಗೆ ಸ್ಕ್ರ್ಯಾಗಿಂಗ್, ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ಮೈಮೇಲೆ ರಭಸದಿಂದ ಎರಚುವುದು) ಆಗಿದ್ದರೆ ಮಾರುವ ಪ್ರತಿಯೊಂದಕ್ಕೂ ಅದೇ ಕ್ರಮದಲ್ಲಿ ಆಗಿರಬೇಕು. ಮಾದರಿಗಳನ್ನು ಟೂಲ್ ರೂಮಿನಲ್ಲಿ ಪ್ರತ್ಯೇಕವಾಗಿ ಮಾಡಿಸದೆ, ಬೇರೆ ಬೇರೆ ತಂತಿ ಸುರುಳಿಗಳಿಂದಾದ ಉತ್ಪಾದನಾ ಲಾಟ್‌ಗಳಿಂದಲೇ ಆರಿಸಿ.

ಸತು ಲೇಪನ ಮಾಡಿಸುತ್ತಿದ್ದರೆ ಇನ್ನೊಂದು ಪ್ರತ್ಯೇಕ ಪರೀಕ್ಷೆ ಬೇಕು. ಲೇಪನದ ವೇಳೆ ಉಕ್ಕಿನೊಳಗೆ ಸೇರಿದ ಹೈಡ್ರೋಜನ್, ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕಿಂಗ್ ಆಗದಿದ್ದರೆ, ಸುಮ್ಮನೆ ಒತ್ತಿಟ್ಟ ಸ್ಪ್ರಿಂಗನ್ನೂ ದಿನಗಳ ನಂತರ ಮುರಿಯಬಲ್ಲದು. ಹಗಲಿರುಳು ಓಡಿಸಿ ಬೇಗ ಮುಗಿಸುವ ಸೈಕಲ್ ಪರೀಕ್ಷೆಗೆ ಇದು ಸಿಗದೇ ಹೋಗಬಹುದು. ಕೆಲವನ್ನು ಹಾಗೆಯೇ ಒತ್ತಿಟ್ಟು ಕೆಲವು ದಿನ ಕಾಯಲೇಬೇಕು.

ಕೊನೆಯದಾಗಿ, 22ರಲ್ಲಿ ಒಂದು ಮುರಿದರೆ ಏನು ಮಾಡಬೇಕು ಎಂಬುದೂ ಪರೀಕ್ಷೆಗೆ ಮೊದಲೇ ಬರಹದಲ್ಲಿರಲಿ. ಒಂದು ಸೋಲಿಗೆ ಅವಕಾಶವಿರುವ ಯೋಜನೆಗೆ ಆರಂಭದಿಂದಲೇ 38 ಸ್ಪ್ರಿಂಗ್ ಬೇಕು. ಮುರಿದದ್ದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿ ‘22ಕ್ಕೆ 22’ ಎಂದು ಬರೆಯಲು ವಿಧಾನದಲ್ಲಿ ಎಲ್ಲೂ ಎಡೆಯಿರಬಾರದು.