ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗಾಗಿ ಮಂಡ್ಯದಲ್ಲಿ ಮೂರು ಲಕ್ಷ ರೂಪಾಯಿಯನ್ನು ಹೇಗೆ ಖರ್ಚು ಮಾಡಲಿ?

ತೀರಿಕೊಂಡ ತಾಯಿಯವರ ಹೆಸರಿನಲ್ಲಿ ಮೂರು ಲಕ್ಷ ತೆಗೆದಿಟ್ಟಿದ್ದೀರಿ. ಮಂಡ್ಯದ ಹತ್ತಿರದ ನಿಮ್ಮ ಊರಿನ ಕಡೆ ಅದು ಉಪಯೋಗವಾಗಬೇಕು. ಅಕ್ಟೋಬರ್ 18ರ ವಿಶ್ವ ಋತುಬಂಧ ದಿನಕ್ಕೆ ದೊಡ್ಡ ಶಿಬಿರ ಮಾಡಿಸಲೇ, ಇಲ್ಲವೇ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ಕೊಡಲೇ ಎಂದು ಕೇಳಿದ್ದೀರಿ. ನಾನು ಇದೇ ಜಿಲ್ಲೆಯಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಎರಡೂ ಬೇಡ ಎನ್ನುತ್ತೇನೆ.

ಯಂತ್ರದ ವಿಷಯ ಮೊದಲು ಮುಗಿಸಿಬಿಡೋಣ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಸ್ಕ್ಯಾನಿಂಗ್ ಯಂತ್ರವನ್ನು ಎಲ್ಲಿಯೂ ಇಡುವಂತಿಲ್ಲ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲೇ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದದ್ದು ಬಯಲಾಯಿತು. ಅಂದಿನಿಂದ ಯಂತ್ರ ಎಂದರೆ ಅಧಿಕಾರಿಗಳು ಹತ್ತು ಸಲ ಯೋಚಿಸುತ್ತಾರೆ, ಯೋಚಿಸಲೂ ಬೇಕು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಹೇಗೂ ಇದೆ.

ಶಿಬಿರದಲ್ಲಿ ಶಾಮಿಯಾನ, ಹಾರ, ಭಾಷಣ, ಊಟಕ್ಕೆ ಅರ್ಧ ಹಣ ಹೋಗುತ್ತದೆ. ಬಿಪಿ, ಸಕ್ಕರೆ ನೋಡಿ ಹತ್ತು ಕ್ಯಾಲ್ಸಿಯಂ ಮಾತ್ರೆ ಕೈಗಿಡುತ್ತಾರೆ. ರಾಗಿ ಮುದ್ದೆ ಉಣ್ಣುವ ಜಿಲ್ಲೆಯಲ್ಲಿ ಆ ಮಾತ್ರೆಗೇ ಅಷ್ಟೊಂದು ಉತ್ಸಾಹ ಏಕೋ! ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾದ 1,200 ಮಿಲಿಗ್ರಾಂ ಮುದ್ದೆಯೊಂದರಿಂದಲೇ ತುಂಬುವುದಿಲ್ಲ ನಿಜ, ಆದರೆ ಹತ್ತು ಮಾತ್ರೆಯಿಂದಂತೂ ಖಂಡಿತ ತುಂಬುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮೂತ್ರ ಉರಿಯುತ್ತದೆ, ಗಂಡನ ಜೊತೆ ಮಲಗಿದರೆ ನೋವಾಗುತ್ತದೆ, ರಾತ್ರಿ ಮೈ ಬೆಂದು ಬೆವರಿ ನಿದ್ದೆ ಬರುವುದಿಲ್ಲ ಎಂದು ಊರವರೆಲ್ಲ ಸೇರಿರುವಲ್ಲಿ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ.

ನಮ್ಮ ಕಡೆ ನಿಜವಾಗಿ ಹಣ ಬೇಕಾಗಿರುವುದು ಬೇರೆ ಕಡೆ. ನಲವತ್ತು ದಾಟುತ್ತಿದ್ದಂತೆ ಮುಟ್ಟು ಏರುಪೇರಾಗುತ್ತದೆ. ಭಾರತದಲ್ಲಿ ಅದು ಪೂರ್ತಿ ನಿಲ್ಲುವ ಸರಾಸರಿ ವಯಸ್ಸು 46-47. ಅದಕ್ಕೆ ಮುಂಚಿನ ಕೆಲವು ವರ್ಷ ಎರಡು ತಿಂಗಳು ಬಾರದೆ ಇದ್ದು, ಮೂರನೆಯ ತಿಂಗಳು ಹದಿನೈದು ದಿನ ಹೋಗಬಹುದು. ರಕ್ತ ಇಳಿದು ಸುಸ್ತಾದ ಹೆಂಗಸು ಆಸ್ಪತ್ರೆಗೆ ಹೋದರೆ, ‘ಮಕ್ಕಳಾಗಿವೆಯಲ್ಲಮ್ಮ, ಇನ್ನು ಗರ್ಭಕೋಶ ಇಟ್ಟುಕೊಂಡು ಏನು ಮಾಡುತ್ತೀರಿ, ನಾಳೆ ಕ್ಯಾನ್ಸರ್ ಆದರೆ?’ ಎಂಬ ಮಾತು ಬರುತ್ತದೆ. ಆ ಒಂದು ಹೆಸರು ಕೇಳಿದ ಮೇಲೆ ಮನೆಯವರು ಯೋಚಿಸುವುದಿಲ್ಲ. ಓಲೆ ಅಡವಿಡುತ್ತಾರೆ, ಸಂಘದಲ್ಲಿ ಸಾಲ ತೆಗೆಯುತ್ತಾರೆ. ಆಪರೇಷನ್ನಿನಲ್ಲಿ ಅಂಡಾಶಯಗಳೂ ಹೋದರೆ, ನಿಧಾನವಾಗಿ ಆಗಬೇಕಾಗಿದ್ದ ಬದಲಾವಣೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಮೂಳೆ ಸವೆತವೂ ಹೃದಯದ ತೊಂದರೆಯೂ ಬೇಗ ಹತ್ತಿರ ಬರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3.3ರಷ್ಟು ಮಂದಿ ಗರ್ಭಕೋಶ ತೆಗೆಸಿದ್ದರು. ಇವರೆಲ್ಲರಿಗೂ ಆಪರೇಷನ್ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಕೆಲವು ಸಲ ದೊಡ್ಡ ಗಡ್ಡೆ ಇದ್ದರೂ, ತೆಗೆಸಬೇಕಾಗುತ್ತದೆ. ಆದರೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ತೆಗೆಸಿಕೊಂಡ ಕಥೆ 2019ರಲ್ಲಿ ಸುದ್ದಿಯಾದಾಗ, ಕಬ್ಬಿನ ಸೀಮೆಯವಳಾದ ನನಗೆ ಅದು ದೂರದ ಊರಿನದು ಅನ್ನಿಸಲಿಲ್ಲ.

ಹಾಗಾಗಿ ನಿಮ್ಮ ಹಣ ಎರಡನೆಯ ಅಭಿಪ್ರಾಯಕ್ಕೆ ಖರ್ಚಾಗಲಿ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಹೇಳಿಸಿಕೊಂಡ ಹೆಂಗಸನ್ನು ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕರೆದೊಯ್ದು ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕು. ಬಸ್ ಖರ್ಚು ಕೊಡಬೇಕಾಗಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ತಪ್ಪುವುದು ಅವಳ ಒಂದು ದಿನದ ಕೂಲಿ. ಅದನ್ನು ಕಟ್ಟಿಕೊಡಿ, ಜೊತೆಗೆ ಹೋಗುವವಳಿಗೂ ಕೊಡಿ. ಓದಲು ಬರುವ, ಚೀಟಿ ಮಾಡಿಸಲು ಗೊತ್ತಿರುವ ಒಬ್ಬಳು ಪಕ್ಕದಲ್ಲಿದ್ದರೆ ಡಾಕ್ಟರ ಮುಂದೆ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಅಲ್ಲಿಯೇ ಆಗಲಿ. ಥೈರಾಯ್ಡ್ ತೊಂದರೆಯಿಂದಲೂ ಮುಟ್ಟು ಹೆಚ್ಚಾಗುತ್ತದೆ, ಮೈ ಬಿಸಿಯಾಗುತ್ತದೆ.

ಇನ್ನೊಂದು ಖರ್ಚಿನ ಮಾತನ್ನು ದಾನಿಗಳು ಆಡಿದ್ದನ್ನು ನಾನು ಕೇಳಿಲ್ಲ. ಹೆಚ್ಚು ರಕ್ತಸ್ರಾವಕ್ಕೆ ಮಾತ್ರೆಗಳಿವೆ. ಅವು ಸಾಲದಿದ್ದರೆ ಹಾರ್ಮೋನು ಇರುವ ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ, ಇದೆ. ಒಮ್ಮೆ ಹಾಕಿದರೆ ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ, ಎಷ್ಟೋ ಗರ್ಭಕೋಶಗಳನ್ನು ಉಳಿಸುತ್ತದೆ. ಕುಟುಂಬ ಯೋಜನೆಗೆಂದು ಸರ್ಕಾರ ಬಿಟ್ಟಿ ಹಾಕುವುದು ತಾಮ್ರದ ವಂಕಿ. ಅದರಿಂದ ಸ್ರಾವ ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಿಲ್ಲ. ಹಾರ್ಮೋನಿನದು ಕೆಲವು ಸಾವಿರ ರೂಪಾಯಿಯ ವಸ್ತು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ, ಇದೇ ಉದ್ದೇಶಕ್ಕೆ ಎಂದು ಬರೆದುಕೊಟ್ಟು ರಸೀದಿ ಪಡೆದು ಹಣ ಕೊಡಿ.

ಮೈ ಬಿಸಿಯೇರಿ ಬೆವರುವುದಕ್ಕೆ ಕೊಡುವ ಹಾರ್ಮೋನು ಚಿಕಿತ್ಸೆಯ ವಿಷಯದಲ್ಲಿ ಹೆದರಿಕೆ ಇನ್ನೂ ಹೋಗಿಲ್ಲ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರಿನ ಅಪಾಯ ಹೇಳಿದ ಮೇಲೆ ಬಹಳಷ್ಟು ಡಾಕ್ಟರುಗಳು ಅದನ್ನು ಬರೆದುಕೊಡುವುದನ್ನೇ ಬಿಟ್ಟರು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸದಂಥ ಅಡ್ಡಿ ಇಲ್ಲದಿದ್ದರೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಡಾಕ್ಟರು ನೋಡಿ ಕೊಡಬೇಕು, ಅಂಗಡಿಯಿಂದ ತಂದು ನುಂಗುವುದಲ್ಲ.

ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಿಸಬೇಕೆಂದಿದ್ದರೆ ಅವರ ಸಮಯಕ್ಕೂ ಹಣ ಕೊಡಿ. ಹೆರಿಗೆಗೆ, ಲಸಿಕೆಗೆ ಅವರಿಗೆ ಪ್ರೋತ್ಸಾಹಧನ ಇದೆ. ನಲವತ್ತೆಂಟರ ಹೆಂಗಸಿನ ನಿದ್ದೆಗೆ ಯಾರೂ ಏನೂ ಕೊಡುವುದಿಲ್ಲ. ಅವರಿಗೆ ಒಂದು ವಿಷಯ ಮಾತ್ರ ಗಟ್ಟಿಯಾಗಿ ಕಲಿಸಿ: ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಕ್ಯಾನ್ಸರಿನ ಭಯ ನಿಜಕ್ಕೂ ಬೇಕಾಗಿರುವುದು ಅಲ್ಲಿ.

ಹತ್ತು ರೂಪಾಯಿಯ ಒಂದು ಕೆಲಸವೂ ಇದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, ಜಿಲ್ಲಾ ಮಟ್ಟದಲ್ಲೂ ಮೇಲ್ವಿಚಾರಣಾ ಸಮಿತಿ ಇರಬೇಕೆಂದಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಅದನ್ನು ಜಾರಿಗೆ ತರಬೇಕೆಂದು ಹೇಳಿತು. ನಮ್ಮ ಜಿಲ್ಲೆಯಲ್ಲಿ ಆ ಸಮಿತಿ ಇದೆಯೇ, ಕಡೆಯ ಬಾರಿ ಸೇರಿದ್ದು ಯಾವಾಗ, ನಲವತ್ತರೊಳಗಿನ ಎಷ್ಟು ಜನರ ಆಪರೇಷನ್ ಲೆಕ್ಕಕ್ಕೆ ಬಂದಿದೆ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು ಮೂವತ್ತು ದಿನದ ಗಡುವು. ಬಂದ ಉತ್ತರದ ಪ್ರತಿಯನ್ನು ನಿಮ್ಮೂರಿನ ಮಹಿಳಾ ಸಂಘದವರಿಗೆ ಕೊಡಿ, ಮುಂದಿನ ಗ್ರಾಮಸಭೆಯಲ್ಲಿ ಅವರೇ ಕೇಳಲಿ.