ಪಾದೂರಿನ ಸುರಂಗ ತುಂಬಲು ಐದು ಗಂಟೆ ಸಾಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರ್ಖಾನೆಯ ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುವುದು, ಅದನ್ನು ಮತ್ತೆ ಬಳಸುವುದು, ಉಳಿದದ್ದನ್ನು ನೆಲದಡಿ ಇಡುವುದು. ಈ ಸಲದ ಪ್ರಶ್ನೆಗಳೆಲ್ಲ ಇದರ ಬಗ್ಗೆಯೇ, ಎಲ್ಲವೂ ನಮ್ಮ ಕರಾವಳಿಯಿಂದಲೇ ಬಂದವು.

ಪ್ರಶ್ನೆ: ಪಾದೂರಿನಲ್ಲಿ ಕಚ್ಚಾ ತೈಲ ಇಡಲು ಬಂಡೆ ಕೊರೆದು ದೊಡ್ಡ ಸುರಂಗ ಮಾಡಿದ್ದಾರೆ. ಹತ್ತಿರದಲ್ಲೇ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೂ ಉಂಟು. ಅದರ ಹೊಗೆಯ ಕಾರ್ಬನ್ ಡೈಆಕ್ಸೈಡನ್ನು ಇಂಥದ್ದೇ ಸುರಂಗದಲ್ಲಿ ತುಂಬಿಸಿ ಮುಚ್ಚಿದರೆ ಆಗುವುದಿಲ್ವಾ? (ಕಾಪುವಿನ ಓದುಗರು)

ಒಳ್ಳೆಯ ಪ್ರಶ್ನೆ. ಸುಮ್ನೆ ಆಗುವುದಿಲ್ಲ ಅಂತ ಹೇಳಿ ಬಿಡುವ ಬದಲು ಲೆಕ್ಕ ಹಾಕಿಯೇ ನೋಡೋಣ. ಪಾದೂರಿನ ಸುರಂಗದಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುತ್ತದೆ. ಅಂದರೆ ಒಳಗಿನ ಜಾಗ ಸುಮಾರು 30 ಲಕ್ಷ ಘನ ಮೀಟರ್. ಮಾಮೂಲಿ ಒತ್ತಡದಲ್ಲಿ ಒಂದು ಟನ್ ಕಾರ್ಬನ್ ಡೈಆಕ್ಸೈಡಿಗೆ ಸುಮಾರು 550 ಘನ ಮೀಟರ್ ಜಾಗ ಬೇಕು. ಹಾಗಾದರೆ ಅಷ್ಟು ದೊಡ್ಡ ಸುರಂಗಕ್ಕೆ ಹಿಡಿಸುವುದು ಐದೂವರೆ ಸಾವಿರ ಟನ್ ಮಾತ್ರ! ಇನ್ನು ನೀವು ಹೇಳಿದ ಎಲ್ಲೂರಿನ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,200 ಮೆಗಾವಾಟ್. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ತಯಾರಿಸಿದರೆ ಸುಮಾರು 900 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ ಅಂತ ಹಿಡಿಯಿರಿ. ಆ ಗಾತ್ರದ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ 26 ಸಾವಿರ ಟನ್ ಆಯಿತು. ಸುರಂಗ ಐದು ಗಂಟೆಯಲ್ಲಿ ಭರ್ತಿ.

ಒತ್ತಿ ತುಂಬಿಸಬಹುದಲ್ವಾ ಅಂತ ನೀವು ಕೇಳಬಹುದು. ಈ ಅನಿಲ ದ್ರವದಷ್ಟು ದಟ್ಟ ಆಗಿ ನಿಲ್ಲಬೇಕಾದರೆ ವಾತಾವರಣದ ಒತ್ತಡದ 70 ಪಟ್ಟಿಗಿಂತ ಜಾಸ್ತಿ ಬೇಕು. ಅಷ್ಟು ಒತ್ತಡ ಸಹಜವಾಗಿ ಸಿಗುವುದು ಸುಮಾರು 800 ಮೀಟರ್ ಆಳಕ್ಕಿಂತ ಕೆಳಗೆ. ತೈಲದ ಸುರಂಗಗಳು ಅಷ್ಟು ಆಳದಲ್ಲಿ ಇಲ್ಲ. ಸುತ್ತಲಿನ ಬಂಡೆಯಲ್ಲಿರುವ ನೀರಿನ ಒತ್ತಡವೇ ತೈಲವನ್ನು ಒಳಗೆ ತಡೆದು ಹಿಡಿಯುವ ವ್ಯವಸ್ಥೆ ಅದು, ಅಂಥ ಒತ್ತಡದ ಅನಿಲಕ್ಕೆ ಅಲ್ಲ. ಹೇಗೋ ಮಾಡಿದರು ಅಂತಲೇ ಇಟ್ಟುಕೊಳ್ಳಿ, ಆಗಲೂ ಎರಡೂವರೆ ತಿಂಗಳ ಹೊಗೆಗೆ ಸುರಂಗ ತುಂಬಿಹೋಗುತ್ತದೆ.

ಹಾಗಾಗಿ ಎಲ್ಲೂ ಇದಕ್ಕೆ ಸುರಂಗ ಕೊರೆಯುವುದಿಲ್ಲ, ಸಣ್ಣ ಸಣ್ಣ ರಂಧ್ರ ಇರುವ ಮರಳುಗಲ್ಲನ್ನು ಹುಡುಕುತ್ತಾರೆ. ನಾರ್ವೆಯ ಕಡಲಿನ ಅನಿಲ ಕ್ಷೇತ್ರ ಸ್ಲೈಪ್ನರ್‌ನಲ್ಲಿ 1996ರಿಂದ ಈ ಕೆಲಸ ನಡೆದಿದೆ. ಅಲ್ಲಿ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಕಾರ್ಬನ್ ಡೈಆಕ್ಸೈಡನ್ನು ಕಡಲ ತಳದಿಂದ ಇನ್ನೂ 800 ಮೀಟರಿಗಿಂತ ಕೆಳಗಿರುವ, ಉಪ್ಪುನೀರು ತುಂಬಿದ ಮರಳುಗಲ್ಲಿಗೆ ಇಳಿಸಿದರು. ಹಲವು ವರ್ಷಗಳ ಕಾಲ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಟನ್. ಮೇಲೆ ಬಿಗಿಯಾದ ಜೇಡಿಪದರ ಇರುವ ಕಾರಣ ಅದು ಮೇಲೆ ಬರುವುದಿಲ್ಲ. ನಮ್ಮ ಕರಾವಳಿಯ ನೆಲದಡಿ ಇರುವುದು ಹೆಚ್ಚಾಗಿ ಗಟ್ಟಿ ಗ್ನೈಸ್ ಮತ್ತು ಗ್ರಾನೈಟ್. ಮೇಲಿನ ಮುರಕಲ್ಲಿನಲ್ಲಿ ತೂತು ಉಂಟು ನಿಜ, ಆದರೆ ಅದು ಮೇಲ್ಪದರ ಅಷ್ಟೆ, ಕೆಳಗೆ ಮತ್ತೆ ಗಟ್ಟಿ ಬಂಡೆ. ಯೋಜನೆ ಮಾಡುವವರು ಮೊದಲು ಹೇಳಬೇಕಾದದ್ದು ಇದನ್ನೇ: ಹಿಡಿದದ್ದನ್ನು ಎಲ್ಲಿ ಇಡುತ್ತೀರಿ? ಹಿಡಿಯುವ ಯಂತ್ರದ ಚಿತ್ರ ತೋರಿಸಿ, ಇಡುವ ಜಾಗದ ಬಗ್ಗೆ ಒಂದೇ ಸಾಲು ಬರೆಯುವ ಯೋಜನೆ ನನ್ನ ಲೆಕ್ಕದಲ್ಲಿ ಯೋಜನೆಯೇ ಅಲ್ಲ.

ಪ್ರಶ್ನೆ: ಐಸ್‌ಲ್ಯಾಂಡಿನಲ್ಲಿ ಕಾರ್ಬನ್ ಡೈಆಕ್ಸೈಡನ್ನು ಕಲ್ಲಾಗಿಸುತ್ತಾರಂತೆ. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಲಾವಾ ಕಲ್ಲಿನಲ್ಲಿ ಹಾಗೆ ಮಾಡಬಹುದೇ? (ಉಡುಪಿಯ ಹೈಸ್ಕೂಲ್ ವಿದ್ಯಾರ್ಥಿನಿ)

ನೀನು ಓದಿದ್ದು ಸರಿ ಮಗಾ. ಅಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಎಂಬ ಕಪ್ಪು ಲಾವಾ ಬಂಡೆಯೊಳಗೆ ಇಳಿಸಿದಾಗ, ಎರಡೇ ವರ್ಷದಲ್ಲಿ ಹೆಚ್ಚಿನಂಶ ಸುಣ್ಣದ ಜಾತಿಯ ಖನಿಜ ಆಯಿತು ಅಂತ 2016ರಲ್ಲಿ ಸಂಶೋಧಕರು ತಿಳಿಸಿದರು. ಅದಕ್ಕೆ ಕಲ್ಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ ಇರಬೇಕು. ನಮ್ಮ ದ್ವೀಪದ ಕಂಬಗಳು ರಯೋಲೈಟ್ ಎಂಬ ಬೇರೆ ಲಾವಾ ಕಲ್ಲಿನ ಜಾತಿಗೆ ಸೇರಿದವು, ಅವುಗಳಲ್ಲಿ ಇವೆರಡೂ ಕಡಿಮೆ. ಅಲ್ಲದೆ ಅದು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಭೂವೈಜ್ಞಾನಿಕ ಸ್ಮಾರಕ. ಅದನ್ನು ಮುಟ್ಟುವುದೇ ಬೇಡ. ಬಸಾಲ್ಟ್ ಬೇಕಾದರೆ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗೆ ನೋಡಬೇಕು.

ಪ್ರಶ್ನೆ: ನೆಲದಡಿ ಯಾಕೆ ಹೂಳಬೇಕು ಸರ್? ಸೋಡಾ ಕಂಪನಿಗೆ, ಯೂರಿಯಾ ಕಾರ್ಖಾನೆಗೆ ಮಾರಿದರೆ ದುಡ್ಡೂ ಬರುತ್ತದಲ್ವಾ? (ಬಂಟ್ವಾಳದ ವ್ಯಾಪಾರಿ)

ಮಾರಬಹುದು. ಆದರೆ ಮಾರಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಬೇಕು. ಸೋಡಾ ಬಾಟಲಿ ಓಪನ್ ಮಾಡಿದ ಕೂಡಲೇ ಅನಿಲ ಗಾಳಿಗೆ ವಾಪಸ್. ಒಂದು ಟನ್ ಯೂರಿಯಾ ಮಾಡಲು ಸುಮಾರು 730 ಕೆಜಿ ಕಾರ್ಬನ್ ಡೈಆಕ್ಸೈಡ್ ಬೇಕು ನಿಜ, ಆದರೆ ಗೊಬ್ಬರವನ್ನು ಗದ್ದೆಗೋ ತೋಟಕ್ಕೋ ಹಾಕಿದ ಮೇಲೆ ಮಣ್ಣಿನಲ್ಲಿ ಅದು ಒಡೆದು ಅಷ್ಟೂ ಮತ್ತೆ ಹೊರಗೆ ಬರುತ್ತದೆ. ಅದೂ ಅಲ್ಲದೆ ಪಣಂಬೂರಿನಂಥ ಯೂರಿಯಾ ಕಾರ್ಖಾನೆಗಳು ತಮ್ಮದೇ ಅಮೋನಿಯಾ ಘಟಕದಲ್ಲಿ ಸಿಗುವ ಕಾರ್ಬನ್ ಡೈಆಕ್ಸೈಡನ್ನೇ ಬಳಸುತ್ತವೆ, ಹೊರಗಿನದಕ್ಕೆ ಅಲ್ಲಿ ಜಾಗ ಕಡಿಮೆ. ಮೆಥನಾಲ್ ಎಂಬ ಇಂಧನ ಮಾಡಿದರೆ? ಅದಕ್ಕೆ ಹೈಡ್ರೋಜನ್ ಬೇಕು, ಆ ಹೈಡ್ರೋಜನ್ ಮಾಡಲು ಹೊಗೆ ಇಲ್ಲದ ಕರೆಂಟ್ ಬೇಕು, ಕೊನೆಗೆ ಮೆಥನಾಲನ್ನು ಉರಿಸಿದರೆ ಮತ್ತೆ ಅದೇ ಹೊಗೆ.

ಮರುಬಳಕೆ ಬೇಡ ಅಂತ ನಾನು ಹೇಳುತ್ತಿಲ್ಲ. ತಮಿಳುನಾಡಿನ ತೂತ್ತುಕುಡಿಯ ಕಾರ್ಖಾನೆಯೊಂದರಲ್ಲಿ 2016ರಲ್ಲಿ ಕಲ್ಲಿದ್ದಲ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60 ಸಾವಿರ ಟನ್ ಹಿಡಿದು ಸೋಡಾ ಬೂದಿ (ಗಾಜು, ಸಾಬೂನು ತಯಾರಿಗೆ ಬಳಸುವ ಪುಡಿ) ಮಾಡುವ ಘಟಕ ಶುರುವಾಯಿತು. ನಮ್ಮ ದೇಶದ ಮಟ್ಟಿಗೆ ದೊಡ್ಡ ಕೆಲಸವೇ. ಆದರೆ ಮೇಲೆ ಲೆಕ್ಕ ಹಾಕಿದ ಗಾತ್ರದ ಸ್ಥಾವರಕ್ಕೆ ಅಷ್ಟನ್ನು ಹೊರಬಿಡಲು ಎರಡೂವರೆ ದಿನ ಸಾಕು. ಸೋಡಾ, ವೆಲ್ಡಿಂಗ್, ಬೆಂಕಿ ನಂದಿಸುವ ಸಿಲಿಂಡರ್, ಎಲ್ಲ ಸೇರಿಸಿದರೂ ಮಾರುಕಟ್ಟೆ ಚಿಕ್ಕದು.

ಪ್ರಶ್ನೆ: ಮಂಗಳೂರಿನಲ್ಲಿ ಶುರು ಮಾಡುವುದಾದರೆ ಯಾವ ಚಿಮಣಿಯಿಂದ ಶುರು ಮಾಡಬೇಕು? (ಸುರತ್ಕಲ್‌ನ ಎಂಜಿನಿಯರಿಂಗ್ ವಿದ್ಯಾರ್ಥಿ)

ಕಾರ್ಬನ್ ಡೈಆಕ್ಸೈಡ್ ಎಲ್ಲಿ ದಟ್ಟವಾಗಿ ಉಂಟೋ ಅಲ್ಲಿಂದ. ಕಲ್ಲಿದ್ದಲ ಹೊಗೆಯಲ್ಲಿ ಅದು ನೂರರಲ್ಲಿ 12ರಿಂದ 15 ಪಾಲು, ಉಳಿದದ್ದು ಹೆಚ್ಚಾಗಿ ನೈಟ್ರೋಜನ್. ಹಿಡಿಯಲು ಬಳಸುವ ಅಮೀನ್ ಎಂಬ ರಾಸಾಯನಿಕದ ದ್ರಾವಣ ಸುಮಾರು 40 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಬಿಡಿಸಲು ಹಬೆಯಿಂದ 120 ಡಿಗ್ರಿಯವರೆಗೆ ಕಾಯಿಸಬೇಕು. ಆ ಹಬೆಗೆ ಸ್ಥಾವರದ ಶಕ್ತಿಯ ದೊಡ್ಡ ಪಾಲು, ಕೆಲವು ಕಡೆ ಕಾಲು ಭಾಗದಷ್ಟು, ಹೋಗುತ್ತದೆ. ತಣ್ಣಗಾಗಿಸಲು ನೀರೂ ಜಾಸ್ತಿ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನ ಮಟ್ಟ ದಿನಾ ಪೇಪರಿನಲ್ಲಿ ನೋಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ತೈಲ ಶುದ್ಧೀಕರಣಾಗಾರದ ಹೈಡ್ರೋಜನ್ ಘಟಕದಲ್ಲಿ ಈ ಅನಿಲ ಹೊಗೆಗಿಂತ ದಟ್ಟವಾಗಿ, ಒತ್ತಡದಲ್ಲೇ ಸಿಗುತ್ತದೆ. ಖರ್ಚು ಕಡಿಮೆ. ನಾನಾದರೆ ಅಲ್ಲಿಂದ ಶುರು ಮಾಡುತ್ತೇನೆ, ಕಲ್ಲಿದ್ದಲಿಗೆ ಆಮೇಲೆ ಬರುತ್ತೇನೆ.

ಸಾಗಿಸುವುದಕ್ಕೆ ಪಣಂಬೂರಿನ ಬಂದರು ಉಂಟು. ನಾರ್ವೆಯಲ್ಲಿ ಬ್ರೆವಿಕ್‌ನ ಸಿಮೆಂಟ್ ಕಾರ್ಖಾನೆಯ ಕಾರ್ಬನ್ ಡೈಆಕ್ಸೈಡನ್ನು ದ್ರವ ಮಾಡಿ, ಹಡಗಿನಲ್ಲಿ ಒಯ್ದು, ಕಡಲ ತಳದಿಂದ 2,600 ಮೀಟರ್ ಕೆಳಗೆ ಇಳಿಸುವುದು 2025ರಲ್ಲಿ ಶುರುವಾಗಿದೆ. ನಮಗೂ ಹಡಗಿನ ದಾರಿಯೇ ಸರಿ ಅಂತ ನನಗೆ ಅನಿಸುತ್ತದೆ. ಮುಂಬೈ ಕಡಲಿನ ತೈಲ ಪ್ರದೇಶದಲ್ಲಿ ಬೇಕಾದ ಜಾತಿಯ ಕಲ್ಲು ಉಂಟು, ಬಾವಿ ಕೊರೆದ ದಶಕಗಳ ಅನುಭವವೂ ಉಂಟು. ನಮ್ಮದೇ ಕಡಲಿನ ಕೇರಳ-ಕೊಂಕಣ ಪದರಗಳನ್ನೂ ಪರೀಕ್ಷಿಸಬೇಕು, ಅದು ವರ್ಷಗಟ್ಟಲೆ ಹಿಡಿಯುವ ಕೆಲಸ, ಆದ್ದರಿಂದ ಚಿಮಣಿಯ ಕೆಲಸಕ್ಕಿಂತ ಮೊದಲೇ ಶುರು ಆಗಬೇಕು.

ಪ್ರಶ್ನೆ: ನಾಳೆ ಇದರ ಪೈಪ್‌ಲೈನ್ ನಮ್ಮ ಮನೆ ಹತ್ತಿರ ಬಂದರೆ ಅಪಾಯ ಇಲ್ವಾ? ಇದು ಬೆಂಕಿ ಹಿಡಿಯುವುದಿಲ್ಲವಲ್ಲ ಅಂತ ಎಲ್ಲರೂ ಹೇಳುತ್ತಾರೆ. (ಪಡುಬಿದ್ರಿಯ ಓದುಗರು)

ಬೆಂಕಿ ಹಿಡಿಯುವುದಿಲ್ಲ ಅಕ್ಕ, ಆದರೆ ಉಸಿರು ಕಟ್ಟಿಸುತ್ತದೆ. ಗಾಳಿಗಿಂತ ಭಾರ, ವಾಸನೆ ಇಲ್ಲ, ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಷಿಯಾ ಹತ್ತಿರ ಇಂಥ ಪೈಪ್ ಒಡೆಯಿತು. 45 ಜನ ಆಸ್ಪತ್ರೆಗೆ ಹೋಗಬೇಕಾಯಿತು. ಆಮ್ಲಜನಕ ಸಿಗದೆ ವಾಹನಗಳ ಎಂಜಿನ್ನೇ ನಿಂತುಹೋದವು, ಓಡಿ ಹೋಗುವುದು ಹೇಗೆ ಹೇಳಿ? ಕಾರಣ ಏನು ಗೊತ್ತಾ, ಜೋರು ಮಳೆಯಿಂದ ಗುಡ್ಡ ಜರಿದು ಪೈಪಿನ ವೆಲ್ಡಿಂಗ್ ಬಿಟ್ಟದ್ದು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ, ಹೆದ್ದಾರಿಗೆ ಕಡಿದ ಗುಡ್ಡ ಪ್ರತಿ ಮಳೆಗಾಲ ಜರಿಯುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಮರೆಯಲೇಬಾರದು.

ಸಾರ್ವಜನಿಕ ಅಹವಾಲು ಸಭೆ ಕರೆದರೆ ತಪ್ಪದೆ ಹೋಗಿ. ಪೈಪ್ ಯಾವ ಗುಡ್ಡದ ಬದಿಯಲ್ಲಿ ಹೋಗುತ್ತದೆ, ಬೈಲಿನ ಮನೆಗಳಿಂದ ಮತ್ತು ಶಾಲೆಯಿಂದ ಎಷ್ಟು ದೂರ, ಒಡೆದರೆ ಎಷ್ಟು ನಿಮಿಷದಲ್ಲಿ ವಾಲ್ವ್ ಮುಚ್ಚುತ್ತದೆ, ಸೈರನ್ ಎಲ್ಲಿ ಇಡುತ್ತಾರೆ, ನಮ್ಮ ಅಗ್ನಿಶಾಮಕ ದಳದವರಿಗೆ ಆಮ್ಲಜನಕದ ಉಪಕರಣ ಎಷ್ಟು ಕೊಡುತ್ತಾರೆ ಅಂತ ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿ ತೆಗೆದುಕೊಂಡು ಬನ್ನಿ.